ಫೋನಿನಲ್ಲಿ ಕೇಳಿದ ‘ನಮ್ಮ ಕೋಣೆ’

ದೆರ್ಲಿಸ್‌ನನ್ನು ಅವನ ಕೋಣೆಯಿಂದ ಎಬ್ಬಿಸುವ ಮಾತು ಹೊರಟದ್ದು ಈಸ್ಟರ್ ವಾರದ ಬುಧವಾರ, ಚಿಪಾ ಅನ್ನುವ ಹಬ್ಬದ ರೊಟ್ಟಿಗೆ ಹಿಟ್ಟು ಕಲೆಸುತ್ತಿದ್ದಾಗ. ಆ ದಿನ ಪರಾಗ್ವೆಯವರ ಮನೆಯಲ್ಲಿ ಚಿಪಾ ಬಿಟ್ಟು ಬೇರೆ ಯೋಚನೆ ಇರಬಾರದು. ಮನೆ ಸ್ಪೇನಿನ ಮಾಲಗಾದಲ್ಲಿ ನಾಲ್ಕನೇ ಮಹಡಿಯ ಮೇಲಿದ್ದರೇನಂತೆ, ಹಬ್ಬ ಹಬ್ಬವೇ. ಮುದುಕಿ ಸತುರ್ನೀನಾ ಮೇಜಿನ ಮೇಲೆ ಮರಗೆಣಸಿನ ಹಿಟ್ಟು ಗುಡ್ಡೆ ಹಾಕಿ, ನಡುವೆ ಗುಳಿ ತೋಡಿ, ಒಂದೊಂದೇ ಮೊಟ್ಟೆ ಒಡೆದು ಹಾಕುತ್ತಿದ್ದಳು. ಮಗಳು ನಿಮಿಯಾ ಚೀಸು ತುರಿಯುತ್ತಿದ್ದಳು. ಮಗ ದೆರ್ಲಿಸ್ ಕಿಟಕಿಯ ಹತ್ತಿರ ಕೂತು ತಣ್ಣನೆಯ ತೆರೆರೆ ಚಹಾವನ್ನು ಕೊಳವೆಯಲ್ಲಿ ಸೊರಸೊರ ಹೀರುತ್ತಿದ್ದ. ಅವನು ಕಟ್ಟಡದ ಕೆಲಸದವನು. ಆ ವರ್ಷ ಮಾಲಗಾದಲ್ಲಿ ಯಾರೂ ಏನನ್ನೂ ಕಟ್ಟುತ್ತಿರಲಿಲ್ಲ.

"ಈ ಕರೆಂಟ್ ಒಲೇಲಿ ಚಿಪಾ ಬೇಯಲ್ಲ, ಬೆವರುತ್ತೆ ಅಷ್ಟೆ," ಅಂದಳು ಸತುರ್ನೀನಾ. ಪ್ರತಿ ವರ್ಷ ಅನ್ನುವ ಮಾತು.

"ಬೆವರಿದ್ದನ್ನೇ ತಿನ್ನೋಣ ಬಿಡಮ್ಮ," ಅನ್ನುತ್ತ ನಿಮಿಯಾ ತುರಿಯುವುದನ್ನು ನಿಲ್ಲಿಸಿ ತಮ್ಮನ ಕಡೆ ತಿರುಗಿದಳು. "ದೆರ್ಲಿಸ್, ಈ ತಿಂಗಳು ಮುಗಿಯೋದ್ರೊಳಗೆ ಆ ಕೋಣೆ ಖಾಲಿ ಮಾಡು."

"ಯಾಕೆ, ನನ್ನ ಗೊರಕೆ ಮುನಿಸಿಪಾಲಿಟಿವರೆಗೂ ಕೇಳಿಸ್ತಾ?"

"ತಮಾಷೆ ಬೇಡ. ಜೆರುತಿ ಬರೋದಕ್ಕೆ ಮನೇಲಿ ಕೋಣೆ ಇದೆ ಅಂತ ತೋರಿಸ್ಬೇಕು. ನೋಡೋದಕ್ಕೆ ಆಫೀಸಿಂದ ಬರ್ತಾರೆ. ನೀನು ಅಲ್ಲಿ ಬಿದ್ದುಕೊಂಡಿದ್ರೆ ಅದು ಕೋಣೆ ಆಗಲ್ಲ."

ಜೆರುತಿ ನಿಮಿಯಾಳ ಮಗಳು. ಮಗುವಿಗೆ ಐದು ವರ್ಷವಿದ್ದಾಗ ನಿಮಿಯಾ ಅವಳನ್ನು ಅಕ್ಕ ಗ್ರೆಗೋರಿಯಾಳ ಮಡಿಲಿಗೆ ಹಾಕಿ ವಿಮಾನ ಹತ್ತಿದ್ದಳು. ತಂದೆ ಅನ್ನಿಸಿಕೊಂಡವನು ಅದಕ್ಕೂ ಮುಂಚೆಯೇ ಕಣ್ಮರೆ. ಎರಡು ವರ್ಷಕ್ಕೆ ವಾಪಸ್ ಅಂದುಕೊಂಡು ಬಂದವಳು ಕಾಗದಪತ್ರವಿಲ್ಲದೆ ಸಿಕ್ಕಿಬಿದ್ದಳು. ಒಮ್ಮೆ ಹೊರಗೆ ಹೋದರೆ ಮತ್ತೆ ಒಳಗೆ ಬರುವಂತಿರಲಿಲ್ಲ. ಮುದುಕಿಯರಿಗೆ ಸ್ನಾನ ಮಾಡಿಸುತ್ತ, ಅವರ ಮಂಚದ ಪಕ್ಕದಲ್ಲೇ ಮಲಗುತ್ತ ವರ್ಷಗಳು ಹೋದವು. ಆಮೇಲೆ ತಾಯಿಯೂ ತಮ್ಮನೂ ಬಂದು ಸೇರಿಕೊಂಡರು. ಈ ಚಳಿಗಾಲದಲ್ಲಿ ಕೊನೆಗೂ ಪರವಾನಗಿ ಕೈಗೆ ಬಂತು. ಮಗಳನ್ನು ಕರೆಸಿಕೊಳ್ಳಬಹುದು ಅಂತ ಅದರಲ್ಲೇ ಇತ್ತು. ಆ ಒಂದು ಆಸೆ ಬಿಟ್ಟರೆ ನಿಮಿಯಾಳ ತಲೆಯಲ್ಲಿ ಬೇರೇನೂ ಉಳಿದಿರಲಿಲ್ಲ.

"ಮತ್ತೆ ನನ್ನ ಮಗ ಎಲ್ಲಿ ಮಲಗ್ಬೇಕು? ಬೀದೀಲಾ?" ಸತುರ್ನೀನಾ ಹಿಟ್ಟಿನ ಕೈಯನ್ನು ಸೊಂಟದ ಮೇಲಿಟ್ಟಳು.

"ಹಾಲ್‌ನಲ್ಲಿ. ನಾನು ಆರು ವರ್ಷ ಕಂಡೋರ ಮಂಚದ ಪಕ್ಕ ನೆಲದ ಮೇಲೆ ಮಲಗಿಲ್ವಾ?"

"ಅವಳು ಬರ್ತೀನಿ ಅಂದಳಾ?" ದೆರ್ಲಿಸ್ ಕೇಳಿದ.

"ಹೆತ್ತ ತಾಯಿ ಹತ್ರ ಬರೋದಕ್ಕೆ ಅರ್ಜಿ ಹಾಕ್ಬೇಕೇನೋ ಅವಳು?"

"ಕೇಳಿದೆ ಅಷ್ಟೆ ಅಕ್ಕ. ನನ್ನನ್ನಂತೂ ಯಾರೂ ಕೇಳ್ಳಿಲ್ಲ."

ಚಿಪಾ ಬೆಂದು ಹೊರಗೆ ಬಂತು. ಮೂವರೂ ಮುಖ ಗಂಟು ಹಾಕಿಕೊಂಡೇ ತಿಂದರು, ಆದರೆ ಒಂದೂ ಉಳಿಸಲಿಲ್ಲ.

ಭಾನುವಾರ ಸಂಜೆ ನಿಮಿಯಾ ದ್ರಿಸ್‌ನ ಫೋನ್ ಅಂಗಡಿಗೆ ಹೋದಳು. ಮಾಲಗಾದಲ್ಲಿ ಸಂಜೆಯೆಂದರೆ ಪರಾಗ್ವೆಯ ಊರಿನಲ್ಲಿ ಮಧ್ಯಾಹ್ನ, ಊಟ ಮುಗಿದಿರುವ ಹೊತ್ತು. ದ್ರಿಸ್ ಮೊರೊಕ್ಕೊದವನು. ಭಾನುವಾರ ಅವನ ಅಂಗಡಿಯ ಒಂದೊಂದು ಬೂತಿನಲ್ಲೂ ಒಂದೊಂದು ದೇಶ ಕಿರುಚುತ್ತಿರುತ್ತದೆ. ಒಬ್ಬಳು ಬೊಲಿವಿಯಾಕ್ಕೆ ಅಳುತ್ತಾಳೆ, ಇನ್ನೊಬ್ಬ ಸೆನೆಗಲ್‌ಗೆ ಬೈಯುತ್ತಾನೆ. ಗಾಜಿನ ಬಾಗಿಲು ಇರುವುದು ಗೌರವಕ್ಕೆ ಮಾತ್ರ, ಎಲ್ಲರದೂ ಎಲ್ಲರಿಗೂ ಕೇಳಿಸುತ್ತದೆ.

"ಪರಾಗ್ವೆ, ಮೂರನೇದು," ಅಂದ ದ್ರಿಸ್.

ನಿಮಿಯಾ ದೇಶದ ಅಂಕಿ ಒತ್ತಿ, ಮೊಬೈಲಿನ ಮೊದಲ ಸೊನ್ನೆ ಬಿಟ್ಟು, ಮಿಕ್ಕಿದ್ದನ್ನು ಕಣ್ಣು ಮುಚ್ಚಿಯೇ ಒತ್ತಿದಳು. ಊರಿನ ಮನೆಯಲ್ಲಿ ಸಿಗ್ನಲ್ ಸಿಗುವುದು ಹಿತ್ತಲಿನ ಮಾವಿನ ಮರದಡಿ. ಭಾನುವಾರ ಆ ಹೊತ್ತಿಗೆ ಗ್ರೆಗೋರಿಯಾ ಕುರ್ಚಿ ಹಾಕಿಕೊಂಡು ಅಲ್ಲಿ ಕೂತಿರುತ್ತಾಳೆ, ಹುಡುಗಿ ಪಕ್ಕದಲ್ಲಿರುತ್ತಾಳೆ.

"ಅಮ್ಮಾ, ಆಶೀರ್ವಾದ ಮಾಡು," ಅಂದಿತು ದೂರದ ದನಿ.

"ದೇವರು ಒಳ್ಳೇದು ಮಾಡ್ಲಿ ಮಗಳೇ. ಹೇಗಿದ್ದೀಯ?"

"ನಾನು ಚೆನ್ನಾಗಿದ್ದೇನೆ. ನೀನು ಹೇಗಿದ್ದೀಯೆ?"

ಇದು ಪಠ್ಯಪುಸ್ತಕದ ಮಾತು, ನಿಮಿಯಾಳದೇ ಕಟ್ಟಪ್ಪಣೆ. ಫೋನಿನಲ್ಲಿ ಸ್ಪ್ಯಾನಿಶ್ ಮಾತ್ರ, ಮನೆಯ ಗ್ವಾರಾನಿ ಒಂದಕ್ಷರ ಕೂಡದು. ಪಕ್ಕದ ಬೀದಿಯ ಪರಾಗ್ವೆಯವಳೊಬ್ಬಳ ಮಗ ಇಲ್ಲಿಯ ಶಾಲೆಗೆ ಸೇರಿದಾಗ ಮಕ್ಕಳು ಅವನ ಮಾತು ಕೇಳಿ ಬಿದ್ದು ಬಿದ್ದು ನಕ್ಕಿದ್ದರಂತೆ. ತನ್ನ ಮಗಳಿಗೆ ಆ ಗತಿ ಬರಬಾರದು ಅಂತ ಇವಳು ವರ್ಷದಿಂದ ವಾರಾವಾರ ಫೋನಿನಲ್ಲೇ ಪಾಠ ನಡೆಸಿದ್ದಳು. ಹುಡುಗಿ ಮೊದಲೆಲ್ಲ ಹರಟುತ್ತಿತ್ತು, ಈಗ ಉತ್ತರ ಒಪ್ಪಿಸುತ್ತಿತ್ತು. ಅದನ್ನು ನಿಮಿಯಾ ಜಾಣತನ ಅಂದುಕೊಂಡಿದ್ದಳು.

"ಚಿಪಾ ಮಾಡಿದ್ರಾ?"

"ಹ್ಞೂಂ."

"ಪೂರ್ತಿ ವಾಕ್ಯದಲ್ಲಿ ಹೇಳು."

"ಹೌದು, ನಾವು ಚಿಪಾ ಮಾಡಿದೆವು."

"ಶಾಭಾಷ್. ಮಗಾ, ಈಗ ಮುಖ್ಯ ವಿಷಯ. ಸೆಪ್ಟೆಂಬರಿಗೆ ಇಲ್ಲಿ ಶಾಲೆ ಶುರು. ಅಷ್ಟರಲ್ಲಿ ಕೋಣೆಗೆ ಬಣ್ಣ ಹೊಡೆಸ್ಬೇಕು. ಯಾವ ಬಣ್ಣ ಇಷ್ಟ ನಿಂಗೆ?"

"ನಮ್ಮ ಕೋಣೆಗಾ?"

ನಿಮಿಯಾಳ ಎದೆ ತುಂಬಿ ಬಂತು. ‘ನಮ್ಮ ಕೋಣೆ’ ಅಂತ ಮಗು ತಾನಾಗಿಯೇ ಅಂದಿತ್ತು. "ಹೌದು ಚಿನ್ನ, ನಮ್ಮ ಕೋಣೆಗೇ."

"ನೀಲಿ," ಹುಡುಗಿಯ ದನಿಗೆ ಒಮ್ಮೆಲೇ ಜೀವ ಬಂತು. "ನಾವು ನೀಲಿ ಬಣ್ಣ ಬಳಿಯುತ್ತೇವೆ. ನಮ್ಮ ಕೋಣೆ ಬಹಳ ಸುಂದರವಾಗಿರುತ್ತದೆ."

ಬೂತಿನಿಂದ ಹೊರಬಂದ ನಿಮಿಯಾ ದ್ರಿಸ್‌ಗೂ ಹೇಳಿದಳು, "ನನ್ನ ಮಗಳಿಗೆ ನೀಲಿ ಇಷ್ಟವಂತೆ." ಅವನು ಚಿಲ್ಲರೆ ಕೊಡುತ್ತ, "ಒಳ್ಳೇ ಬಣ್ಣ," ಅಂದ.

ಮನೆಗೆ ಬರುವಾಗ ಬಣ್ಣದ ಡಬ್ಬದ ವಿಷಯ ಬಿಟ್ಟು ಬೇರೇನೂ ತಲೆಯಲ್ಲಿರಲಿಲ್ಲ. ಮಾರನೇ ದಿನ ಕೆಲಸದ ಮನೆಯಿಂದ ಬರುವಾಗ ಡಬ್ಬ ಹೊತ್ತುಕೊಂಡೇ ಬಂದಳು. ದೆರ್ಲಿಸ್ ಬಟ್ಟೆ ಮೂಟೆ ಕಟ್ಟಿ ಹಾಲ್‌ನ ಮೂಲೆಗೆ ಒಗೆದ. ಒಂದು ವಾರ ಅಕ್ಕನ ಜೊತೆ ಮಾತು ಬಿಟ್ಟ. ಆಮೇಲೆ ಅವನೇ ಕುಂಚ ಹಿಡಿದ, ಯಾಕೆಂದರೆ ಅಕ್ಕ ಗೋಡೆಗೆ ಬಣ್ಣ ಬಳಿಯುವ ರೀತಿ ನೋಡಿ ಅವನ ಕೈ ಸುಮ್ಮನಿರಲಿಲ್ಲ.

"ಸರಿ ಅತ್ಲಾಗೆ. ರೊಟ್ಟಿಗೆ ಬೆಣ್ಣೆ ಸವರೋ ಹಂಗೆ ಸವರ್ತಿದೀಯ," ಅಂದ. "ಅಲ್ಲಾ, ನನ್ನನ್ನ ಓಡಿಸಿದ ಕೋಣೆಗೆ ನಾನೇ ಬಣ್ಣ ಹೊಡೀತಿದೀನಲ್ಲ, ನನ್ನಂಥ ಕತ್ತೆ ಇನ್ನೊಬ್ಬ ಇದಾನಾ?"

"ಇಲ್ಲ," ಅಂದಳು ಬಾಗಿಲಲ್ಲಿ ನಿಂತ ಸತುರ್ನೀನಾ.

"ಅಮ್ಮ, ನೀನು ನನ್ನ ಕಡೇನೋ ಅವಳ ಕಡೇನೋ?"

"ನಾನು ಗೋಡೆ ಕಡೆ. ಆ ಮೂಲೆ ಬಿಟ್ಟಿದೀಯ ನೋಡು."

ಮುದುಕಿಗೆ ಕೋಪವಿದ್ದದ್ದು ಕೋಣೆಯ ಮೇಲಲ್ಲ, ಫೋನಿನ ಮೇಲೆ. ಅವಳಿಗೂ ಕೆಲಸವಿತ್ತು. ಶನಿವಾರ ಬೆಳಿಗ್ಗೆಯಿಂದ ಸೋಮವಾರ ಬೆಳಿಗ್ಗೆವರೆಗೆ ಒಬ್ಬ ಹಾಸಿಗೆ ಹಿಡಿದ ಮುದುಕನನ್ನು ಅವನ ಮನೆಯಲ್ಲೇ ಇದ್ದು ನೋಡಿಕೊಳ್ಳುವುದು. ಹಾಗಾಗಿ ಭಾನುವಾರದ ಫೋನು ಅವಳಿಗೆ ಸಿಗುತ್ತಿರಲೇ ಇಲ್ಲ. ಬುಧವಾರವೋ ಗುರುವಾರವೋ ಮಾತಾಡುತ್ತೇನೆ ಅಂದರೆ ಹುಡುಗಿ ಶಾಲೆಯಲ್ಲಿ, ಗ್ರೆಗೋರಿಯಾ ಹೊಲದಲ್ಲಿ.

"ಮೊಮ್ಮಗಳ ದನಿ ಕೇಳಿ ಎಷ್ಟು ದಿನ ಆಯ್ತೇ," ಅನ್ನುತ್ತಿದ್ದಳು ಪಾತ್ರೆ ತಿಕ್ಕುತ್ತ. "ನೀನೇನೋ ಅವಳಿಗೆ ಆ ರಟ್ಟು ಅಗಿಯೋ ಭಾಷೆ ಕಲಿಸ್ತಿದೀಯಂತೆ. ಹೆತ್ತೋಳ ಹತ್ರ ಮಾತಾಡೋದಕ್ಕೆ ಕಂಡೋರ ಮಾತು ಯಾಕೆ?"

"ಇಲ್ಲಿ ಶಾಲೇಲಿ ಅವಳನ್ನ ನೋಡಿ ನಗಬಾರದು ಅಂತ."

"ಶಾಲೇಲಿ ಶಾಲೆ ಮಾತು ಆಡ್ಲಿ. ನಿನ್ನ ಹತ್ರ ಆಡೋದು ಶಾಲೇಲಾ?"

"ನಿಂಗೆ ಗೊತ್ತಾಗಲ್ಲ ಬಿಡಮ್ಮ."

"ಹೌದೌದು, ನಿನ್ನನ್ನ ಹೆತ್ತು ದೊಡ್ಡೋಳು ಮಾಡಿದ್ದು ಏನೂ ಗೊತ್ತಿಲ್ದೇನೇ."

ಮೇ ತಿಂಗಳಲ್ಲಿ ಮುನಿಸಿಪಾಲಿಟಿಯಿಂದ ಒಬ್ಬಳು ಹೆಂಗಸು ಅಳತೆ ಟೇಪು ಹಿಡಿದು ಬಂದಳು. ದೆರ್ಲಿಸ್ ಅಂದು ಬೆಳಿಗ್ಗೆಯೇ ಹೊರಗೆ ಹೋಗಿದ್ದ. ಅವನ ಚಪ್ಪಲಿ, ಅಂಗಿ, ಫುಟ್‌ಬಾಲ್ ಬಾವುಟ ಎಲ್ಲವನ್ನೂ ಸತುರ್ನೀನಾ ತನ್ನ ಮಂಚದಡಿ ತುರುಕಿದ್ದಳು. ಬಚ್ಚಲಿನಲ್ಲಿ ಮಾತ್ರ ಅವನ ಕ್ಷೌರದ ಕತ್ತಿ ಉಳಿದುಬಿಟ್ಟಿತ್ತು.

"ಇದು ಯಾರದು?" ಕೇಳಿದಳು ಆಫೀಸಿನವಳು. "ಇಲ್ಲಿ ಗಂಡಸರು ಯಾರೂ ಇಲ್ಲ ಅಂದ್ರಲ್ಲ?"

"ನಂದು," ಅಂದಳು ಸತುರ್ನೀನಾ ಗಲ್ಲ ಮುಂದೆ ಮಾಡಿ. "ವಯಸ್ಸಾದ ಮೇಲೆ ಎಲ್ಲಾ ಬರುತ್ತೆ ಕಣಮ್ಮ. ನಿಂಗೂ ಬರುತ್ತೆ."

ಆಫೀಸಿನವಳು ಕೆಂಪಗಾಗಿ ನೀಲಿ ಕೋಣೆಯನ್ನು ಅಳೆದು, ಚೆನ್ನಾಗಿದೆ ಅಂದು ಹೋದಳು. ಅವತ್ತು ರಾತ್ರಿಯೂಟಕ್ಕೆ ಮೂವರೂ ನಕ್ಕದ್ದೇ ನಕ್ಕದ್ದು. ದೆರ್ಲಿಸ್ ತಾಯಿಗೆ ಸೋಪಿನ ನೊರೆ ಹಚ್ಚುವ ನಟನೆ ಮಾಡಿದ. ಆ ಮನೆಯಲ್ಲಿ ಅಷ್ಟು ನಕ್ಕದ್ದು ಆ ಬೇಸಿಗೆಗೆಲ್ಲ ಅದೇ ಕೊನೆ.

ಉಳಿದದ್ದು ಊರಿನ ಕಡೆಯ ಕೆಲಸ. ಮಗುವನ್ನು ಸಾಕಿದ ಗ್ರೆಗೋರಿಯಾ ನ್ಯಾಯಾಧೀಶರ ಮುಂದೆ ಹೋಗಿ ಒಂದು ರುಜು ಹಾಕಬೇಕು, ಜುಲೈ ಮೊದಲ ವಾರದ ಗುರುವಾರ ಹುಡುಗಿಯನ್ನು ಕರೆದುಕೊಂಡು ರಾಜಧಾನಿ ಅಸುನ್ಸಿಯೋನ್‌ನ ಸ್ಪೇನ್ ಕಚೇರಿಗೆ ಹೋಗಬೇಕು. ಆ ದಿನ ತಪ್ಪಿದರೆ ಎಲ್ಲ ಮೊದಲಿನಿಂದ, ಅದೂ ಆದರೆ. ನಿಮಿಯಾ ವಾರಾವಾರ ಕೇಳಿದಳು. ಗ್ರೆಗೋರಿಯಾ ಒಂದು ವಾರ ಮಳೆ ಅಂದಳು, ಇನ್ನೊಂದು ವಾರ ಹಸು ಕರು ಹಾಕಿದೆ ಅಂದಳು, ಮತ್ತೊಂದು ವಾರ ಬಸ್ಸಿಲ್ಲ ಅಂದಳು.

"ಬೇಕೂ ಅಂತ ಮಾಡ್ತಿದಾಳೆ," ನಿಮಿಯಾ ಊಟದ ತಟ್ಟೆ ತಳ್ಳಿ ಎದ್ದಳು. "ನಿನ್ನ ದೊಡ್ಡ ಮಗಳು ನನ್ನ ಮಗೂನ ಬಚ್ಚಿಡ್ತಿದಾಳೆ. ನಾನು ಕಳಿಸಿದ ದುಡ್ಡು ಬೇಕು, ಹಂಚು ಹೊದಿಸಿದ ಮನೆ ಬೇಕು, ನನ್ನ ಮಗೂನೂ ಬೇಕು."

"ಬಾಯಿಗೆ ಬಂದಂಗೆ ಆಡ್ಬೇಡ," ಸತುರ್ನೀನಾ ಗದರಿದಳು. "ಮಗೂಗೆ ಜ್ವರ ಬಂದಾಗ ಕೂತ್ಕೊಂಡೋಳು ಯಾರು? ಸಾಕಿದೋಳಿಗೂ ಹೊಟ್ಟೆ ಅನ್ನೋದು ಇರುತ್ತೆ."

"ನಂಗಿಲ್ವಾ?"

"ಇದೆ. ಅದಕ್ಕೇ ಇಬ್ಬರಿಗೂ ಏನು ಹೇಳ್ಬೇಕು ಅಂತ ಗೊತ್ತಾಗ್ದೆ ನಾನು ಸಾಯ್ತಿದೀನಿ. ಊಟ ಮಾಡು."

ನಿಮಿಯಾ ಊಟ ಮಾಡಲಿಲ್ಲ. ದೆರ್ಲಿಸ್ ಅವಳ ತಟ್ಟೆಯ ಮರಗೆಣಸನ್ನು ಮೆಲ್ಲಗೆ ತನ್ನ ಕಡೆ ಎಳೆದುಕೊಂಡಾಗ ತಾಯಿ ಅವನ ಕೈಗೆ ಚಮಚದಲ್ಲಿ ಹೊಡೆದಳು.

ಜೂನ್ ಕೊನೆಗೆ, ಸಂತ ಯೋಹಾನನ ಹಬ್ಬದ ಆಸುಪಾಸಿನ ಭಾನುವಾರ, ಸತುರ್ನೀನಾಳ ಮುದುಕನನ್ನು ಅವನ ಮಕ್ಕಳು ಕಡಲತೀರಕ್ಕೆ ಕರೆದುಕೊಂಡು ಹೋದರು. ಅವಳಿಗೆ ರಜೆ. ತಲೆ ಬಾಚಿ, ಕಿವಿಗೆ ಓಲೆ ಹಾಕಿ, ಮದುವೆಗೆ ಹೊರಟವಳ ಹಾಗೆ ಫೋನ್ ಅಂಗಡಿಗೆ ಹೊರಟಳು. ದೆರ್ಲಿಸ್ ಕೂಡ ಹಿಂದೆಯೇ ಬಂದ. ಮೂವರು ಒಂದು ಬೂತಿಗೆ ಹಿಡಿಸುವುದಿಲ್ಲ. ಗಂಡಸನ್ನು ಹೊರಗೆ ನಿಲ್ಲಿಸಿ ಬಾಗಿಲು ತೆರೆದೇ ಇಟ್ಟರು.

"ಮೊದಲು ನಾನು," ಅಂದಳು ಮುದುಕಿ, ಅತ್ತ ಫೋನು ರಿಂಗಾಗುವ ಮೊದಲೇ ರಿಸೀವರ್ ಕಿತ್ತುಕೊಂಡು.

"ಅಮ್ಮಾ, ಆಶೀರ್ವಾದ ಮಾಡು. ನಾನು ಚೆನ್ನಾಗಿ..."

"ಏನೇ, ನಿನ್ನ ಅಜ್ಜಿ ಗುರುತೂ ಸಿಗ್ಲಿಲ್ವಾ?" ಸತುರ್ನೀನಾ ಗ್ವಾರಾನಿಯಲ್ಲಿ ಕೂಗಿದಳು.

ಅತ್ತ ಕಡೆ ಒಂದು ಕಿರುಚಾಟ. "ಅಜ್ಜೀ! ನೀನಾ? ಎಲ್ಲೋಗಿದ್ದೆ? ಸತ್ತೋದೆ ಅಂದ್ಕೊಂಡಿದ್ದೆ!"

"ಸಾಯೋದಕ್ಕೆ ಪುರುಸೊತ್ತೆಲ್ಲಿದೆ ಕಣೇ."

"ಅಜ್ಜಿ, ಕೆಂಪು ಹಸು ಕರು ಹಾಕ್ತು, ಹಣೇಲಿ ಬಿಳಿ ಚುಕ್ಕೆ. ಹಬ್ಬದಲ್ಲಿ ಆ ದಪ್ಪ ಬೆನಿತೊ ಜಾರುಗಂಬ ಹತ್ತೋಕೋಗಿ ಪ್ಯಾಂಟ್ ಹರ್ಕೊಂಡ! ಎಲ್ಲಾ ನೋಡ್ಬಿಟ್ರು!"

ನಿಮಿಯಾ ರಿಸೀವರಿನ ಹಿಂಬದಿಗೆ ಕಿವಿ ಅಂಟಿಸಿ ನಿಂತಿದ್ದಳು. ಈ ದನಿ ಅವಳಿಗೆ ಹೊಸದು. ತನ್ನ ಮಗಳು ಇಷ್ಟು ಜೋರಾಗಿ ನಗುತ್ತಾಳೆ, ಉಸಿರು ಬಿಡದೆ ಮಾತಾಡುತ್ತಾಳೆ ಅನ್ನುವುದೇ ಅವಳಿಗೆ ಗೊತ್ತಿರಲಿಲ್ಲ. ಹೊಟ್ಟೆಕಿಚ್ಚಾಯಿತು, ಸಂತೋಷವೂ ಆಯಿತು.

"ಅಜ್ಜಿ, ಇನ್ನೊಂದ್ ವಿಷ್ಯ! ನಮ್ಮ ಕೋಣೆ ನೀಲಿ ಆಗೋಯ್ತು! ಆಕಾಶದ ಹಂಗಿದೆ!"

ಸತುರ್ನೀನಾ ತುಟಿ ಬಿಗಿದುಕೊಂಡಳು. ನಿಮಿಯಾ ಗೋಡೆಗೆ ಆತುಕೊಂಡಳು.

ಗ್ವಾರಾನಿಯಲ್ಲಿ ‘ನಾವು’ ಎರಡು ಇವೆ. ಯಾರ ಜೊತೆ ಮಾತಾಡುತ್ತಿದ್ದೇವೋ ಅವರನ್ನೂ ಸೇರಿಸಿಕೊಂಡು ಹೇಳುವ ನಾವು ಒಂದು, ಅದು ‘ಞಂದೇ’. ಅವರನ್ನು ಬಿಟ್ಟು, ನೀನಲ್ಲ, ನಾವಷ್ಟೇ ಅಂತ ಹೇಳುವ ನಾವು ಇನ್ನೊಂದು, ಅದು ‘ಒರೇ’. ಎರಡು ವರ್ಷದ ಕೂಸು ಕೂಡ ಅವನ್ನು ಅದಲುಬದಲು ಮಾಡುವುದಿಲ್ಲ. ಸ್ಪ್ಯಾನಿಶ್‌ನವರಿಗೆ ಈ ಕಾಟವಿಲ್ಲ. ನಮ್ಮ ಕನ್ನಡದ ಹಾಗೆಯೇ ಅವರಿಗೂ ಒಂದೇ ‘ನಾವು’, ಒಂದೇ ‘ನಮ್ಮ’, ಅದರೊಳಗೆ ಯಾರನ್ನು ಬೇಕಾದರೂ ಕೂರಿಸಿಕೊಳ್ಳಬಹುದು. ನಿಮಿಯಾ ಈಸ್ಟರಿನಿಂದ ಅದರೊಳಗೆ ತಾನೇ ಹೋಗಿ ಕೂತಿದ್ದಳು. ಈಗ ಹುಡುಗಿ ಅಂದದ್ದು ‘ಒರೇ’. ನೀವ್ಯಾರೂ ಅಲ್ಲ, ನಮ್ಮ ಕೋಣೆ.

ನಿಮಿಯಾ ತಾಯಿಯ ಕೈಯಿಂದ ರಿಸೀವರ್ ಕಸಿದಳು. ವರ್ಷದ ಮೇಲೆ ಮೊದಲ ಸಲ ಮಗಳ ಜೊತೆ ಮನೆಮಾತು ಬಾಯಿಗೆ ಬಂತು.

"ಯಾರ ಕೋಣೆ ಜೆರುತಿ?"

"ಅಮ್ಮಾ?" ಹುಡುಗಿ ಬೆಚ್ಚಿತು. "ನಮ್ದು. ನಂದೂ ದೊಡ್ಡಮ್ಮಂದೂ. ನಾನು ಹೇಳಿದ್ನಲ್ಲ ನಿಂಗೆ, ನೀಲಿ ಬಳೀತೀವಿ ಅಂತ."

"ಮತ್ತೆ ಇಲ್ಲೀದು? ಇಲ್ಲಿ ನಿಂಗೋಸ್ಕರ ಬಣ್ಣ ಹೊಡೆಸಿದ್ದು?"

"ಅದು ನಿಮ್ಮ ಮನೆ ಅಲ್ವಾ ಅಮ್ಮ," ಅಂದಿತು ಹುಡುಗಿ, ಗೊತ್ತಿಲ್ಲದವರಿಗೆ ತಿಳಿಸಿ ಹೇಳುವ ಹಾಗೆ.

ನಿಮಿಯಾ ರಿಸೀವರನ್ನು ಇಟ್ಟುಬಿಟ್ಟಳು. ದ್ರಿಸ್ ಮುಖ ನೋಡಿ, ದುಡ್ಡು ಮುಂದಿನ ವಾರ ಕೊಡಿ ಅಂತ ಕೈಯಾಡಿಸಿದ. ದಾರಿಯುದ್ದಕ್ಕೂ ದೆರ್ಲಿಸ್ ತಮಾಷೆ ಮಾಡಲಿಲ್ಲ, ಅದೇ ದೊಡ್ಡದು.

ಮಾತು ಹೊರಟದ್ದು ಮನೆಯೊಳಗೆ ಕಾಲಿಟ್ಟ ಮೇಲೆ.

"ಅವಳೇ ಹೇಳಿಕೊಟ್ಟಿದಾಳೆ! ಗ್ರೆಗೋರಿಯಾನೇ!" ನಿಮಿಯಾ ಬಾಗಿಲು ದಡಾರನೆ ಹಾಕಿದಳು. "ನಿಮ್ಮ ಮನೆ ಅಂತೆ! ನನ್ನ ಮಗಳು, ನಂಗೆ, ನಿಮ್ಮ ಮನೆ ಅಂತಾಳೆ!"

"ಅದನ್ನ ಯಾರೂ ಹೇಳಿಕೊಡೋಕಾಗಲ್ಲ ಕಣೇ," ಸತುರ್ನೀನಾ ಕುಸಿದು ಕೂತಳು. "ಯಾವ ‘ನಾವು’ ಅಂತ ಯೋಚ್ನೆ ಮಾಡಿ ಆಡ್ತಾರಾ ಯಾರಾದ್ರೂ? ತಾನಾಗೇ ಬರುತ್ತೆ ಬಾಯಿಗೆ. ನೀನು ಕಂಡೋರ ಭಾಷೇಲಿ ಕೇಳಿದೆ, ಅದಕ್ಕೇ ನಿಂಗೆ ಕೇಳಿಸ್ಲಿಲ್ಲ."

"ಹಾಗಾದ್ರೆ ಏನ್ಮಾಡು ಅಂತೀಯ? ಬಿಟ್ಟುಬಿಡ್ಲಾ?"

"ಬಿಡು ಅಂತ ನಾನೆಲ್ಲಿ ಅಂದೆ? ಕರೆಸ್ಕೋ. ಒಂದು ವರ್ಷ ಅಳ್ತಾಳೆ, ಆಮೇಲೆ ಅಭ್ಯಾಸ ಆಗುತ್ತೆ. ಎಲ್ಲರಿಗೂ ಆಗಿದೆ."

"ನಂಗಿನ್ನೂ ಆಗಿಲ್ಲ," ಅಂದ ದೆರ್ಲಿಸ್. ಅವನು ತಮಾಷೆಗೆ ಅಂದಿರಲಿಲ್ಲ. ತಾಯಿ ಮಗಳು ಇಬ್ಬರೂ ಅವನ ಕಡೆ ನೋಡಿದರು. ಅವನು ಎದ್ದು ಹೋಗಿ ಅಡುಗೆಮನೆಯಲ್ಲಿ ಸುಮ್ಮನೆ ನಲ್ಲಿ ತಿರುಗಿಸಿದ.

ಬುಧವಾರ ಮಧ್ಯಾಹ್ನ, ಕೆಲಸದ ಮನೆಯ ಮುದುಕಿ ನಿದ್ದೆ ಹೋದಾಗ, ನಿಮಿಯಾ ಓಡಿಬಂದು ಗ್ರೆಗೋರಿಯಾಗೆ ಫೋನ್ ಮಾಡಿದಳು. ಊರಿನಲ್ಲಿ ಆಗ ಬೆಳಗಾಗಿ ಸ್ವಲ್ಪ ಹೊತ್ತು. ಮಾವಿನ ಮರದಡಿ ಕೋಳಿಗಳ ಸದ್ದು ಕೇಳುತ್ತಿತ್ತು.

"ಹೇಳು," ಅಂದಳು ಗ್ರೆಗೋರಿಯಾ. ಅವಳು ಯಾವತ್ತೂ ಹೆಚ್ಚು ಮಾತಿನವಳಲ್ಲ.

"ರುಜು ಹಾಕಿದ್ಯಾ ಇಲ್ವಾ?"

"ಹಾಕಿದೆ. ನಿನ್ನೆ ಹೋಗಿದ್ದೆ."

ನಿಮಿಯಾ ಜಗಳಕ್ಕೆ ಕಟ್ಟಿಕೊಂಡು ಬಂದ ಮಾತೆಲ್ಲ ದಂಡವಾಯಿತು. "ಮತ್ತೆ ಇಷ್ಟು ದಿನ ಯಾಕೆ ಆಟ ಆಡಿಸ್ದೆ?"

"ಕೈ ಬರ್ಲಿಲ್ಲ." ಗ್ರೆಗೋರಿಯಾ ಮೂಗು ಸೀಟಿದಳು. "ನೋಡು ನಿಮಿಯಾ, ಅವಳು ನಿನ್ನ ಮಗಳು. ನಂದು ಅಂತ ನಾನು ಒಂದು ದಿನಾನೂ ಅಂದಿಲ್ಲ. ಬರೋ ವಾರ ಗುರುವಾರ ನಾನೇ ಕರ್ಕೊಂಡೋಗ್ತೀನಿ, ವಿಮಾನಾನೂ ಹತ್ತಿಸ್ತೀನಿ. ಆದ್ರೆ ಹೊರಡು ಅಂತ ನೀನೇ ಅವಳಿಗೆ ಹೇಳು. ಆ ಪುಸ್ತಕದ ಮಾತಲ್ಲಿ ಬೇಡ. ನಮ್ಮ ಮಾತಲ್ಲಿ ಹೇಳು. ಅಷ್ಟು ಮಾತ್ರ ನನ್ನ ಕೈಲಿ ಮಾಡಿಸ್ಬೇಡ."

ಅಕ್ಕ ಅಂದ ಆ ‘ನಮ್ಮ’ದಲ್ಲಿ ನಿಮಿಯಾ ಇದ್ದಳು. ಅವಳು ಫೋನ್ ಇಟ್ಟಳು.

ಭಾನುವಾರ ಬಂತು. ಗುರುವಾರಕ್ಕೆ ಇನ್ನು ನಾಲ್ಕೇ ದಿನ. ಸತುರ್ನೀನಾ ತನ್ನ ಮುದುಕನ ಹತ್ತಿರ ಹೋಗಿದ್ದಳು. ಹೊರಡುವ ಮೊದಲು ಮಗಳ ಕೆನ್ನೆ ಸವರಿ, "ಗಟ್ಟಿ ಮನಸ್ಸು ಮಾಡ್ಕೊಂಡು ಬಾ ಅಂದ್ಬಿಡು," ಅಂದಿದ್ದಳು. ನಿಮಿಯಾ ಹಾಗೇ ನಿಶ್ಚಯ ಮಾಡಿಕೊಂಡು ಬೂತಿಗೆ ಹೋದಳು. ಹೆತ್ತವಳು ನಾನು. ಬಾ ಅನ್ನುವ ಹಕ್ಕು ನನ್ನದು. ಅಂದುಬಿಡುತ್ತೇನೆ.

"ಅಮ್ಮಾ, ಆಶೀರ್ವಾದ ಮಾಡು. ನಾನು ಚೆನ್ನಾಗಿದ್ದೇನೆ. ನೀನು ಹೇಗಿದ್ದೀಯೆ?"

"ಬೇಡ ಮಗಾ. ಮನೆ ಮಾತಲ್ಲೇ ಆಡು."

"ಶಾಲೇಲಿ ನಗಲ್ವಾ?"

"ನಗೋರು ಯಾರೂ ಇಲ್ಲಿಲ್ಲ. ನಾನೊಬ್ಬಳೇ ಇರೋದು."

ಬೂತಿನ ಗಡಿಯಾರದ ಕೆಂಪು ಅಂಕಿಗಳು ಓಡುತ್ತಿದ್ದವು.

"ಅಮ್ಮ, ಗುರುವಾರ ಅಸುನ್ಸಿಯೋನ್‌ಗೆ ಹೋಗ್ಬೇಕಂತೆ. ದೊಡ್ಡಮ್ಮ ನಂಗೆ ಹೊಸ ಶೂ ತಂದಿದಾಳೆ."

"ಹೌದಾ? ಚೆನ್ನಾಗ್ ಹೇಳಿದಾಳಾ ಎಲ್ಲಾನೂ?"

"ಹ್ಞೂಂ. ಅಮ್ಮ ಬಾ ಅಂದ್ಮೇಲೆ ಹೋಗ್ಬೇಕು, ಅಳಬಾರದು ಅಂದಿದಾಳೆ."

"ನೀನು ಅಳ್ತೀಯಾ?"

"ಇಲ್ಲ." ಹುಡುಗಿ ಅಂದದ್ದು ಅಷ್ಟೇ. ಆದರೆ ಆ ‘ಇಲ್ಲ’ದ ಜೊತೆಗೆ ಮೂಗು ಎಳೆದುಕೊಂಡ ಸದ್ದು ಸಮುದ್ರ ದಾಟಿ ಸ್ಪಷ್ಟವಾಗಿ ಬಂತು. "ನೀನು ಬಾ ಅಂತೀಯಾ ಅಮ್ಮ?"

ಅದೊಂದು ಮಾತು ಅಂದಿದ್ದರೆ ಸಾಕಿತ್ತು. ಎಲ್ಲ ಅದಕ್ಕಾಗಿ ಸಿದ್ಧವಾಗಿತ್ತು. ನಿಮಿಯಾ ಬಾಯಿ ತೆರೆದಳು. ಪಕ್ಕದ ಬೂತಿನಲ್ಲಿ ಯಾರೋ ಹೆಂಗಸು ಯಾವುದೋ ದೇಶದ ಯಾರನ್ನೋ ಬೇಗ ಬಾ, ಬೇಗ ಬಾ ಅಂತ ಕರೆಯುತ್ತಿದ್ದಳು. ನಿಮಿಯಾಳ ಬಾಯಿಂದ ಆ ಮಾತು ಬರಲಿಲ್ಲ. ಎಷ್ಟು ತಿಣುಕಿದರೂ ಬರಲಿಲ್ಲ. ಅವಳು ರಿಸೀವರನ್ನು ಎದೆಗೆ ಒತ್ತಿಕೊಂಡು, ದೇವರೇ ಅಂತ ಒಮ್ಮೆ ಜೋರಾಗಿಯೇ ಅಂದು, ಮತ್ತೆ ಕಿವಿಗೆ ಇಟ್ಟುಕೊಂಡಳು.

"ಜೆರುತಿ. ಗುರುವಾರ ನೀವು ಎಲ್ಲಿಗೂ ಹೋಗೋದು ಬೇಡ. ನಾನೇ ಬರ್ತೀನಿ. ಆಗಸ್ಟಲ್ಲಿ ನಂಗೆ ರಜೆ ಸಿಗುತ್ತೆ, ಈಗ ಹೋಗಿ ಬರೋ ಕಾಗದಾನೂ ಇದೆ." ಅಷ್ಟು ಹೇಳಿ, ಮುಂದಿನದಕ್ಕೆ ಉಸಿರು ಎಳೆದುಕೊಳ್ಳಬೇಕಾಯಿತು. ನಿಮಿಯಾ ಹುಟ್ಟಿದ್ದು ಆ ಮನೆಯಲ್ಲಿ, ಆ ಮನೆಗೆ ಹಂಚು ಹೊದಿಸಿದ್ದು ಅವಳ ದುಡಿಮೆ. "ನಾನು ನಿಮ್ಮ ಮನೆಗೆ ಬರ್ಲಾ?"

"ಎಷ್ಟು ದಿನಕ್ಕೆ?" ಕೇಳಿತು ಹುಡುಗಿ.

ನೆಂಟರನ್ನು ಹಾಗೆಯೇ ಕೇಳುವುದು. ನಿಮಿಯಾಳ ಕಣ್ಣಿಂದ ನೀರು ಸುರಿಯಿತು, ಒರೆಸಿಕೊಳ್ಳಲೂ ಇಲ್ಲ. ಗಾಜಿನ ಆಚೆ ನಿಂತಿದ್ದ ದ್ರಿಸ್ ಮುಖ ತಿರುಗಿಸಿಕೊಂಡ.

"ಒಂದು ತಿಂಗಳು."

"ಒಂದು ತಿಂಗಳಾ? ಅಷ್ಟೊಂದಾ?" ಹುಡುಗಿಯ ದನಿ ಮೇಲೇರಿತು. "ಹಾಗಾದ್ರೆ ಕುರ್ಚಿ ಮೇಲೆಲ್ಲ ಮಲಗೋಕಾಗಲ್ಲ ಅಮ್ಮ. ನಿಂಗೂ ಒಂದು ಮಂಚ ಮಾಡಿಸ್ಬೇಕಾಗುತ್ತೆ. ತಡಿ, ದೊಡ್ಡಮ್ಮನ್ನ ಕೇಳ್ಕೊಂಡ್ ಬರ್ತೀನಿ, ಫೋನ್ ಇಡ್ಬೇಡ."

"ಇಡಲ್ಲ," ಅಂದಳು ನಿಮಿಯಾ. "ಹೋಗಿ ಕೇಳ್ಕೊಂಡ್ ಬಾ."